ಊರು ಪಟ್ಟಣವಾದರೆ ನಳ, ಗಟಾರ, ಖಾತೆ ಏನಾಗುತ್ತವೆ?

ನಮ್ಮ ಸೋದರಮಾವನ ಮನೆಯ ಗೋಡೆಗೆ ಒಂದು ತಂತಿ ಕೊಕ್ಕೆ ಇದೆ. ಮನೆಗೆ ಬಂದ ಬಿಲ್ಲು, ಚೀಟಿ, ರಸೀದಿ ಎಲ್ಲ ಅದಕ್ಕೇ ಚುಚ್ಚೋದು. ಕೆಳಗಿನ ಹಳದಿಗಟ್ಟಿದ ರಸೀದಿಗಳ ಮೇಲೆ ಗ್ರಾಮ ಪಂಚಾಯಿತಿಯ ಸೀಲು ಇದೆ. ಮೇಲಿನ ನಾಲ್ಕೈದರ ಮೇಲೆ ಪಟ್ಟಣ ಪಂಚಾಯಿತಿ ಅಂತ ಅಚ್ಚಾಗಿದೆ. ಮನೆ ಅದೇ, ಮುಂದಿನ ಬೇವಿನ ಗಿಡ ಅದೇ, ಜೋರು ಮಳೆ ಬಂದರೆ ಕಟ್ಟೆಯ ತನಕ ಏರಿ ಬರುವ ಗಟಾರದ ನೀರೂ ಅದೇ. "ಊರು ದೊಡ್ಡದಾತಪಾ, ಗಟಾರ ಮಾತ್ರ ಇನ್ನೂ ಹಳ್ಳೀದು" ಅಂತ ಮಾವ ನಗುತ್ತಾರೆ.

ಈಗ ಅದೇ ಸುದ್ದಿ ನಮ್ಮೂರಿಗೂ ಬಂದಿದೆ. ನಮ್ಮದು ಗಂಗಾವತಿಯಿಂದ ಸಿಂಧನೂರಿನ ಕಡೆ ಹೋಗುವ ರಸ್ತೆಯ ಪಕ್ಕದ ಭತ್ತದ ಊರು. ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಬ್ಯಾಂಕು, ವಾರದ ಸಂತೆ ಎಲ್ಲ ಇವೆ. ಊರನ್ನು ಪಟ್ಟಣ ಪಂಚಾಯಿತಿ ಮಾಡಿ ಅಂತ ಹುಡುಗರು ಸಹಿ ಸಂಗ್ರಹ ಶುರು ಮಾಡಿದ್ದಾರೆ. ಬೆಳಗ್ಗೆ ಹೋಟೆಲ್ಲಿನಲ್ಲಿ ಒಗ್ಗರಣಿ ಮಿರ್ಚಿ ಮುಂದಿಟ್ಟುಕೊಂಡು ಇದೇ ವಾದ. "ಪಟ್ಟಣ ಆದ್ರ ಡಾಂಬರ್ ರಸ್ತಾ ಬರ್ತೈತಿ, ನೀರು ಬರ್ತೈತಿ" ಅಂತ ಒಬ್ಬ. "ತೆರಿಗಿ ಬರ್ತೈತಿ, ಅದೊಂದು ಗ್ಯಾರಂಟಿ" ಅಂತ ಹಿರಿಯರೊಬ್ಬರು. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಸೆಂಟರ್ ಇಟ್ಟುಕೊಂಡವನು. ಖಾತೆ, ತೆರಿಗೆ, ಜಾತಿ-ಆದಾಯ, ಸಿಇಟಿ ಅರ್ಜಿ ಎಲ್ಲ ನನ್ನ ಟೇಬಲ್ಲಿಗೇ ಬರ್ತವೆ. ಹಾಗಾಗಿ "ಇದರಿಂದ ನಮಗೇನಪಾ?" ಅನ್ನೋ ಪ್ರಶ್ನೆಯೂ ದಿನಾ ಬರುತ್ತೆ. ಎಲ್ಲರಿಗೂ ಬಿಡಿ ಬಿಡಿಯಾಗಿ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಪಟ್ಟಣ ಪಂಚಾಯಿತಿ ಅನ್ನೋದು ಗ್ರಾಮ ಪಂಚಾಯಿತಿಯ ದೊಡ್ಡಣ್ಣ ಅಂತ ತುಂಬಾ ಜನ ತಿಳಿದಿದ್ದಾರೆ. ಹೆಸರಿನಲ್ಲಿ 'ಪಂಚಾಯಿತಿ' ಇರೋದೇ ಈ ಗೊಂದಲಕ್ಕೆ ಕಾರಣ. ಅಸಲಿಗೆ ಎರಡಕ್ಕೂ ಸಂಬಂಧವೇ ಇಲ್ಲ. ಗ್ರಾಮ ಪಂಚಾಯಿತಿ ನಡೆಯೋದು 1993ರ ಪಂಚಾಯತ್ ರಾಜ್ ಕಾಯ್ದೆಯ ಮೇಲೆ, ಅದರ ಇಲಾಖೆ ಗ್ರಾಮೀಣಾಭಿವೃದ್ಧಿ. ಪಟ್ಟಣ ಪಂಚಾಯಿತಿ ನಡೆಯೋದು 1964ರ ಪುರಸಭೆಗಳ ಕಾಯ್ದೆಯ ಮೇಲೆ, ಅದರ ಮೇಲಿರೋದು ಪೌರಾಡಳಿತ. ಊರು ಮೇಲ್ದರ್ಜೆಗೆ ಏರಿತು ಅಂತ ಪೇಪರಿನಲ್ಲಿ ಬರುತ್ತದಲ್ವಾ, ಅಲ್ಲಿ ನಿಜವಾಗಿ ಆಗೋದು ಊರಿನ ಇಡೀ ಕಡತ ಒಂದು ಇಲಾಖೆಯ ಕಪಾಟಿನಿಂದ ಇನ್ನೊಂದು ಇಲಾಖೆಯ ಕಪಾಟಿಗೆ ಹೋಗೋದು. ಲಾಭ, ನಷ್ಟ, ಗೋಳು ಎಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಯಾವ ಊರು ಪಟ್ಟಣ ಆಗಬಹುದು? ಸಂವಿಧಾನದ 243ಕ್ಯೂ ವಿಧಿ ಇದನ್ನು ರಾಜ್ಯಪಾಲರ ಅಧಿಸೂಚನೆಗೆ ಬಿಟ್ಟಿದೆ. ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆದಾಯ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರ ಪಾಲು, ಇವನ್ನು ನೋಡಬೇಕು. ನಮ್ಮ ರಾಜ್ಯದ ಲೆಕ್ಕದಲ್ಲಿ 10 ಸಾವಿರದಿಂದ 20 ಸಾವಿರ ಜನ ಇದ್ದರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರಕ್ಕೆ ಪುರಸಭೆ, 50 ಸಾವಿರದಿಂದ 3 ಲಕ್ಷಕ್ಕೆ ನಗರಸಭೆ, ಅದರ ಮೇಲೆ ಮಹಾನಗರ ಪಾಲಿಕೆ. ಪಟ್ಟಣ ಪಂಚಾಯಿತಿಗೆ ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು, ದುಡಿಯುವವರಲ್ಲಿ ಅರ್ಧದಷ್ಟಾದರೂ ಬೇಸಾಯೇತರ ಕೆಲಸದಲ್ಲಿರಬೇಕು. ಈ ಕೊನೆಯ ಷರತ್ತೇ ನಮ್ಮ ಭಾಗದಲ್ಲಿ ತಮಾಷೆ. ಮಿಲ್ಲಿನ ಹಮಾಲ ಸುಗ್ಗಿಯಲ್ಲಿ ಗದ್ದೆಗೂ ಹೋಗುತ್ತಾನೆ. ಅವನು ರೈತನೋ ಕಾರ್ಮಿಕನೋ? ಬರೆದುಕೊಳ್ಳುವವರ ಕೈಯಲ್ಲಿ ಉತ್ತರ. ಜನಸಂಖ್ಯೆಗೂ ಎಲ್ಲರೂ ತೆಗೆಯೋದು 2011ರ ಜನಗಣತಿಯ ಪುಸ್ತಕವನ್ನೇ. ಆಗ ಹುಟ್ಟಿದ ಮಕ್ಕಳು ಈಗ ಕಾಲೇಜಿಗೆ ಬಂದಿದ್ದಾರೆ.

ನಮ್ಮ ಸುತ್ತ ನೋಡಿದರೆ ಪಟ್ಟಣವಾದ ಊರುಗಳ ದಾರಿ ಬೇರೆ ಬೇರೆ. ಹಟ್ಟಿ ಚಿನ್ನದ ಗಣಿಯಿಂದ ಬೆಳೆದ ಊರು. ಸಂಡೂರು ಕಡೆಯ ಕುರೆಕುಪ್ಪ ಇರೋದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ. ಭಾಗ್ಯನಗರ ಕೊಪ್ಪಳಕ್ಕೆ ಅಂಟಿಕೊಂಡೇ ಬೆಳೆದದ್ದು. ಕನಕಗಿರಿ, ಕುಕನೂರು, ಕಾರಟಗಿ ತಾಲೂಕು ಕೇಂದ್ರಗಳೂ ಹೌದು. ಅತ್ತ ಬಳ್ಳಾರಿ 2004ರಲ್ಲೇ ಪಾಲಿಕೆಯಾಯಿತು, ರಾಯಚೂರು ಈಚೆಗೆ. ಭತ್ತದ ಊರು ಪಟ್ಟಣವಾದಾಗ ಕಾಣುವ ತೊಂದರೆ ಗಣಿ ಊರಿನಲ್ಲಿ ಕಾಣೋದಿಲ್ಲ. ನಾನು ಹೇಳೋದು ಹೆಚ್ಚಾಗಿ ಭತ್ತದ ಊರಿನ ಕತೆ.

ಬಾಗಿಲು ಬದಲಾಗುತ್ತೆ

ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇದ್ದ ಕುರ್ಚಿಯಲ್ಲಿ ಮುಖ್ಯಾಧಿಕಾರಿ ಬರುತ್ತಾರೆ. ಅವರ ಮೇಲೆ ತಾಲೂಕು ಪಂಚಾಯಿತಿ ಇಒ, ಜಿಲ್ಲಾ ಪಂಚಾಯಿತಿ ಸಿಇಒ ಇರೋದಿಲ್ಲ. ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರು ಇರುತ್ತಾರೆ. ನೀವು ದೂರು ಕೊಡೋಕೆ ಕುಷ್ಟಗಿ, ಕಾರಟಗಿಯಂಥ ತಾಲೂಕು ಕೇಂದ್ರದ ಇಒ ಆಫೀಸಿಗೆ ಹೋಗಿ ರೂಢಿಯಾಗಿದ್ದರೆ, ಇನ್ನು ಜಿಲ್ಲಾ ಕೇಂದ್ರದ ಬಸ್ಸು ಹತ್ತಬೇಕು. ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಚುನಾವಣೆಯಲ್ಲಿ ನಿಮ್ಮ ಊರಿಗೆ ಓಟೂ ಇರೋದಿಲ್ಲ.

ಏನು ಬದಲಾಗೋದಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ, ಯಾಕಂದ್ರೆ ಸುಮ್ನೆ ಹೆದರುವವರು ಜಾಸ್ತಿ. ರೇಷನ್ ಅಂಗಡಿ, ಅಂಗನವಾಡಿ, ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲ ಅವವೇ ಇಲಾಖೆಗಳಲ್ಲಿ ಇರುತ್ತವೆ. ಕರೆಂಟು ಮೊದಲೂ ಜೆಸ್ಕಾಂ, ಆಮೇಲೂ ಜೆಸ್ಕಾಂ. ಹೊಲದ ಪಹಣಿ ಕಂದಾಯ ಇಲಾಖೆಯಲ್ಲೇ ಉಳಿಯುತ್ತೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ 371ಜೆ ಮೀಸಲಾತಿ ಜಿಲ್ಲೆಗೆ ಸೇರಿದ್ದು, ಊರು ಹಳ್ಳಿಯೋ ಪಟ್ಟಣವೋ ಅಂತ ಅದು ಕೇಳೋದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡೂ ಎರಡೂ ಕಡೆ ಬರುತ್ತೆ.

ನೀರು ಮತ್ತು ಗಟಾರ

ಜನ ಪಟ್ಟಣ ಬೇಕು ಅನ್ನೋದೇ ಇವೆರಡಕ್ಕೆ. ಇದರಲ್ಲಿ ಅರ್ಥವೂ ಇದೆ.

ಹಳ್ಳಿಗೆ ನಳದ ನೀರು ಅಂದರೆ 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್. ಅದರ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಪಟ್ಟಣದ ಅಳತೆ ಬೇರೆ. ಒಳಚರಂಡಿ ಇಲ್ಲದ ಪಟ್ಟಣಕ್ಕೆ 70 ಲೀಟರ್, ಒಳಚರಂಡಿ ಇರುವ ಕಡೆ 135 ಲೀಟರ್. ಕಾಗದದ ಮೇಲೆ ಊರು ಪಟ್ಟಣವಾದ ದಿನವೇ ನಿಮ್ಮ ಹಕ್ಕಿನ ಕೊಡ ದೊಡ್ಡದಾಗುತ್ತೆ. ದೊಡ್ಡ ಕಾಮಗಾರಿ ಮಾಡಲು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇದೆ. ದುಡ್ಡಿಗೆ 2021ರಲ್ಲಿ ಶುರುವಾದ ಅಮೃತ್ 2.0ದಂಥ ಯೋಜನೆ ಇವೆ.

ಆದರೆ ನೀರು ಎಲ್ಲಿಂದ ಬರಬೇಕು? ನಮ್ಮ ಕಡೆ ಎಲ್ಲದಕ್ಕೂ ತುಂಗಭದ್ರಾ ಎಡದಂಡೆ ಕಾಲುವೆ. ಬೇಸಿಗೆಯಲ್ಲಿ ಕಾಲುವೆ ಬಂದ್. ಬೋರು ಕೊರೆದರೆ ಎಷ್ಟೋ ಕಡೆ ಫ್ಲೋರೈಡ್. ಕಾಲುವೆ ಹರಿಯುವಾಗ ಕೆರೆ ತುಂಬಿಸಿಟ್ಟು ಬೇಸಿಗೆ ದಾಟಿಸಬೇಕು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಗದ್ದೆಯವರಷ್ಟೇ ಕುಡಿಯುವ ನೀರಿನವರೂ ನಿದ್ದೆಗೆಟ್ಟಿದ್ದು ಇದಕ್ಕೇ. ಈಗ ಊರು ಪಟ್ಟಣವಾದರೆ 55 ಲೀಟರಿಗೆ ಅಂತ ಕಟ್ಟಿದ ಕೆರೆ, ಟ್ಯಾಂಕು, ಪೈಪು 70 ಲೀಟರಿಗೆ ಸಾಲೋದಿಲ್ಲ. ಕೆರೆ ದೊಡ್ಡದಾಗಬೇಕು, ಅದಕ್ಕೆ ಜಮೀನು ಬೇಕು. ನೀರಾವರಿ ಎಕರೆ ಕೊಡುವವರು ಯಾರು? ಬೋರ್ಡು ಒಂದೇ ದಿನದಲ್ಲಿ ಬದಲಾಯಿಸಬಹುದು, ಕೆರೆಗೆ ವರ್ಷಗಳೇ ಬೇಕು.

ಇನ್ನೊಂದು ಇಕ್ಕಟ್ಟು ಇದೆ. ಹಳ್ಳಿ ಯೋಜನೆಯಲ್ಲಿ ಅರ್ಧ ಪೈಪು ಹಾಕಿದ್ದಾಗ ಊರು ಪಟ್ಟಣವಾಯಿತು ಅಂತ ಇಟ್ಟುಕೊಳ್ಳಿ. ಹಳ್ಳಿ ಇಲಾಖೆಯವರು "ಇದು ಇನ್ನು ನಮ್ಮದಲ್ಲ" ಅನ್ನಬಹುದು, ಪಟ್ಟಣದವರು "ಇದು ನಾವು ಶುರು ಮಾಡಿದ್ದಲ್ಲ" ಅನ್ನಬಹುದು. ಅಗೆದ ರಸ್ತೆ ಬಾಯಿ ತೆರೆದುಕೊಂಡು ಕೂರುತ್ತೆ. ಹಾಗಾಗಿ ಊರಲ್ಲಿ ನಡೆಯುತ್ತಿರುವ ಕಾಮಗಾರಿ ಯಾವುದು, ಯಾರು ಮುಗಿಸಬೇಕು ಅನ್ನೋದು ಹಸ್ತಾಂತರದ ಪಟ್ಟಿಯಲ್ಲಿ ಬರೆದಿರಬೇಕು. ಇದನ್ನು ಕೇಳುವವರು ಕಡಿಮೆ.

ಗಟಾರದ ವಿಷಯಕ್ಕೆ ಬಂದರೆ ನನ್ನ ಓಟು ಪಟ್ಟಣದ ಕಡೆಗೇ. ಹಳ್ಳಿ ಪಂಚಾಯಿತಿ ಇರೋದು 5ರಿಂದ 7 ಸಾವಿರ ಜನರನ್ನು ನೋಡಿಕೊಳ್ಳೋಕೆ ಅಂತ ಕಾಯ್ದೆಯ ಲೆಕ್ಕ. ಅದರ ಎರಡು ಪಟ್ಟು ಜನ, ಜತೆಗೆ ಸಂತೆ, ಮಿಲ್ಲು, ಹೋಟೆಲು ಇರುವ ಊರಿನ ಕಸವನ್ನು ಒಬ್ಬ ಪಿಡಿಒ, ಒಬ್ಬ ಕರ ವಸೂಲಿಗಾರ, ಕೆಲವು ನೀರುಗಂಟಿಗಳು, ಒಂದು ಕಸದ ಗಾಡಿ ನಿಭಾಯಿಸೋದು ಕಷ್ಟ. ಪುರಸಭೆ ಕಾಯ್ದೆಯಲ್ಲಿ ಬೀದಿ ದೀಪ, ಗಟಾರ ಸ್ವಚ್ಛತೆ, ಕಸ ವಿಲೇವಾರಿ ಕಡ್ಡಾಯ ಕೆಲಸಗಳು. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅನ್ನೋ ಲೆಕ್ಕವೂ ಇದೆ. 14 ಸಾವಿರ ಜನರ ಊರಿಗೆ 20 ಮಂದಿ. ಹೆಲ್ತ್ ಇನ್‌ಸ್ಪೆಕ್ಟರ್, ಎಂಜಿನಿಯರ್ ಹುದ್ದೆಗಳೂ ಬರುತ್ತವೆ. ಹುದ್ದೆ ಬರೋದು ಬೇರೆ, ಆ ಹುದ್ದೆಗೆ ಮನುಷ್ಯ ಬರೋದು ಬೇರೆ. ಒಬ್ಬರೇ ಎಂಜಿನಿಯರ್ ಎರಡು ಮೂರು ಊರಿನ ಚಾರ್ಜ್ ಹೊತ್ತು ಓಡಾಡೋದನ್ನು ನಾವೆಲ್ಲ ನೋಡಿದ್ದೇವೆ.

ಇನ್ನು ಹಳ್ಳಿಯ ಕಸದ ಗಾಡಿಯನ್ನು ಎಷ್ಟೋ ಕಡೆ ಸಂಜೀವಿನಿ ಸ್ವಸಹಾಯ ಸಂಘದ ಹೆಣ್ಮಕ್ಕಳೇ ಓಡಿಸುತ್ತಾರೆ. ಲೈಸೆನ್ಸ್ ಮಾಡಿಸಿಕೊಂಡು, ಖಾಕಿ ಅಂಗಿ ಹಾಕಿಕೊಂಡು ಗತ್ತಿನಿಂದ ಬರುತ್ತಾರೆ. ಆ ಒಪ್ಪಂದ ಗ್ರಾಮೀಣ ಯೋಜನೆಯದ್ದು. ಊರು ಪಟ್ಟಣವಾದರೆ ಅವರನ್ನು ಮುಂದುವರಿಸಿ ಅಂತ ಊರವರೇ ಹಟ ಹಿಡಿಯಬೇಕು, ತಾನಾಗಿ ಆಗೋದಿಲ್ಲ.

ಒಳಚರಂಡಿಯ ಆಸೆ ಮಾತ್ರ ಸದ್ಯಕ್ಕೆ ಬಿಡಿ. ಅದು ದುಬಾರಿ ಕೆಲಸ, ಸಣ್ಣ ಪಟ್ಟಣಗಳ ಪಾಲಿಗೆ ಬರೋದು ಬಹಳ ತಡ. ಅಲ್ಲಿಯ ತನಕ ಪಾಯಖಾನೆ ಗುಂಡಿ, ಅದನ್ನು ಎಳೆಯುವ ಸಕ್ಕಿಂಗ್ ಗಾಡಿ, ಬೀದಿಯಲ್ಲಿ ತೆರೆದ ಗಟಾರ.

ಕೊಕ್ಕೆಗೆ ಚುಚ್ಚಿದ ರಸೀದಿ

ಮಾವನ ರಸೀದಿಗೆ ಬರೋಣ. ತೆರಿಗೆ ಜಾಸ್ತಿಯಾಗುತ್ತಾ? ಆಗುತ್ತೆ. ಹೋಟೆಲ್ಲಿನ ಹಿರಿಯರು ಹೇಳಿದ್ದು ಸರಿ.

ಹಳ್ಳಿಯಲ್ಲಿ ಕರ ವಸೂಲಿಗಾರ ಮನೆಗೇ ಬರುತ್ತಾನೆ. ಮನೆಗೆ ಇಷ್ಟು ಅಂತ ಪಂಚಾಯಿತಿ ಹಾಕಿದ ತೆರಿಗೆ, ಮುಂದಿನ ವಾರ ಬಾ ಅಂದರೆ ಮುಂದಿನ ವಾರ ಬರುತ್ತಾನೆ. ಪಟ್ಟಣದಲ್ಲಿ ಇರೋದು ಸ್ವಯಂ ಘೋಷಿತ ಆಸ್ತಿ ತೆರಿಗೆ. ನಿಮ್ಮ ಮನೆಯ ಉದ್ದಗಲ, ಆರ್‌ಸಿಸಿಯೋ ತಗಡೋ, ವಾಸಕ್ಕೋ ಅಂಗಡಿಗೋ ಅಂತ ನೀವೇ ಬರೆದು, ನೀವೇ ಲೆಕ್ಕ ಹಾಕಿ, ಚಲನ್ ತುಂಬಬೇಕು. ತೆರಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರಕ್ಕೆ ತಳುಕು ಹಾಕಿಕೊಂಡಿದೆ. ಸರ್ಕಾರ ಆ ದರ ಏರಿಸಿದಾಗ ನಿಮ್ಮ ತೆರಿಗೆಯೂ ಮೇಲೆ ಹೋಗುತ್ತೆ. ಖಾಲಿ ಸೈಟಿಗೂ ತೆರಿಗೆ ಇದೆ, ಇದು ಹೊಸಬರಿಗೆ ಗೊತ್ತೇ ಇರೋದಿಲ್ಲ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ, ತಡವಾದರೆ ದಂಡ.

ರಸೀದಿಯ ಕೆಳಗಡೆ ಸಣ್ಣ ಅಕ್ಷರದಲ್ಲಿ ಇನ್ನು ಮೂರು ಸಾಲು ಇರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಸಾವಿರ ರೂಪಾಯಿ ತೆರಿಗೆಗೆ 240 ಸೇರಿ 1,240 ಆಗುತ್ತೆ. ಇವು ಹಳ್ಳಿಯ ರಸೀದಿಯಲ್ಲೂ ಇದ್ದವು, ಆದರೆ ಮೂಲ ತೆರಿಗೆ ಸಣ್ಣದಿದ್ದಾಗ ಯಾರೂ ಓದುತ್ತಿರಲಿಲ್ಲ. ಮಾವ ಭಿಕ್ಷುಕರ ಕರ ನೋಡಿ "ನನಗೇ ಕೊಡೋರು ಯಾರರ ಅದಾರೇನು?" ಅಂದಿದ್ದರು.

ಕಡಿಮೆಯಾಗೋದು ಏನಾದರೂ ಇದೆಯಾ ಅಂತ ಹುಡುಕಿದೆ. ಒಂದು ಸಿಕ್ಕಿತು. ಆಸ್ತಿ ನೋಂದಣಿಯಲ್ಲಿ ಮುದ್ರಾಂಕ ಶುಲ್ಕದ ಮೇಲಿನ ಸರ್ಚಾರ್ಜ್ ಹಳ್ಳಿಯಲ್ಲಿ ಶೇ 3, ಪಟ್ಟಣದಲ್ಲಿ ಶೇ 2. ಒಂದು ಲಕ್ಷದ ಸೈಟಿಗೆ ಶೇ 5ರಂತೆ 5 ಸಾವಿರ ಮುದ್ರಾಂಕ ಶುಲ್ಕ, ಅದರ ಮೇಲೆ ಹಳ್ಳಿಯಲ್ಲಿ 150, ಪಟ್ಟಣದಲ್ಲಿ 100. ಉಳಿಯುವ 50 ರೂಪಾಯಿಗೆ ಒಗ್ಗರಣಿ ಮಿರ್ಚಿ ತಿನ್ನಬಹುದು.

ತೆರಿಗೆ ಜಾಸ್ತಿಯಾಗೋದೇ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಹೊರಗಿನ ಅನುದಾನಕ್ಕೆಲ್ಲ ಷರತ್ತು ಇರುತ್ತೆ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಖರ್ಚಾಗಬೇಕಿತ್ತು. ಪಟ್ಟಣದಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು, ಅದು ಇರಬೇಕಾದದ್ದೇ. ಬೀದಿ ದೀಪ ಕೆಟ್ಟರೆ ನಾಳೆಯೇ ಬಲ್ಬು ತರೋಕೆ ಬೇಕಾಗೋದು ಊರಿನ ಸ್ವಂತ ದುಡ್ಡು, ಅಂದರೆ ತೆರಿಗೆ ಮತ್ತು ಅಂಗಡಿ ಬಾಡಿಗೆ. ತೆರಿಗೆ ಕೊಟ್ಟವನು ಮುಖ್ಯಾಧಿಕಾರಿಯ ಮುಂದೆ ಜೋರು ದನಿಯಲ್ಲಿ ಮಾತಾಡುತ್ತಾನೆ, ಅದೂ ಒಂದು ಲಾಭ.

ಖಾತೆ ನಡುನೀರಿನಲ್ಲಿ

ನನ್ನ ಟೇಬಲ್ಲಿಗೆ ಅತಿ ಹೆಚ್ಚು ಬರೋದು ಈ ಗೋಳು. ಹಳ್ಳಿಯ ಮನೆ, ಸೈಟಿನ ದಾಖಲೆ ಇ-ಸ್ವತ್ತು ತಂತ್ರಾಂಶದಲ್ಲಿ ಇರುತ್ತೆ. ಸಕ್ರಮ ಆಸ್ತಿಗೆ ನಮೂನೆ 9 ಮತ್ತು 11ಎ, ಎನ್‌ಎ (ಕೃಷಿಯೇತರ ಪರಿವರ್ತನೆ) ಆಗದ, ನಕ್ಷೆ ಮಂಜೂರಾಗದ ಆಸ್ತಿಗೆ 11ಬಿ. ಪಟ್ಟಣದಲ್ಲಿ ಇ-ಆಸ್ತಿ, ಅಲ್ಲಿ ನಮೂನೆ 3. ಒಂದರಿಂದ ಇನ್ನೊಂದಕ್ಕೆ ದಾಖಲೆ ಸರಾಗವಾಗಿ ಹರಿದು ಹೋಗುತ್ತೆ ಅಂದುಕೊಂಡಿದ್ದೀರಾ? ಪ್ರತಿ ಆಸ್ತಿಗೂ ಮತ್ತೆ ಅರ್ಜಿ, ಮತ್ತೆ ಅಳತೆ, ಮತ್ತೆ ಫೋಟೊ, ಚೆಕ್ಕುಬಂದಿ, ಕ್ರಯಪತ್ರದ ನಕಲು.

ನಮ್ಮ ಮನೆಯದ್ದೇ ಹೇಳುತ್ತೇನೆ. ಅಕ್ಕನ ಹೆಸರಲ್ಲಿ ಮಾವನ ಊರಿನಲ್ಲಿ ಒಂದು ಸೈಟು ಇತ್ತು. ಮಗಳ ಮದುವೆಗೆ ಮಾರಬೇಕು, ಗಿರಾಕಿಯೂ ಸಿಕ್ಕ. ಅಷ್ಟರಲ್ಲಿ ಊರು ಪಟ್ಟಣವಾಗಿತ್ತು. ನಮೂನೆ 9 ಹಿಡಿದು ನೋಂದಣಿಗೆ ಹೋದರೆ "ಇದು ನಡೆಯಲ್ಲ, ಪಟ್ಟಣದ ಇ-ಖಾತೆ ತನ್ನಿ" ಅಂದರು. ಸ್ಥಳೀಯ ಕಚೇರಿಗೆ ಹೋದರೆ "ನಿಮ್ಮ ರಿಜಿಸ್ಟರ್ ಇನ್ನೂ ಹಳೇ ಪಂಚಾಯಿತಿಯಿಂದ ನಮ್ಮ ಕೈಗೆ ಬಂದಿಲ್ಲ" ಅಂದರು. ರಿಜಿಸ್ಟರ್ ಪಕ್ಕದ ಕೋಣೆಯ ಅಲಮಾರದಲ್ಲೇ ಇತ್ತು, ಬೀಗದ ಕೈ ಯಾರ ಹತ್ತಿರ ಅನ್ನೋದೇ ತಿಳಿಯಲಿಲ್ಲ. ತಿಂಗಳುಗಟ್ಟಲೆ ಓಡಾಟ. ಗಿರಾಕಿ ಬೇರೆ ಕಡೆ ತಗೊಂಡ. ಅಕ್ಕ ಬಂಗಾರ ಅಡ ಇಟ್ಟು ಮದುವೆ ಮಾಡಿದಳು. ಊರು ಪಟ್ಟಣವಾಗೋದು ಸಂತೋಷ ಅಂತ ಅವಳ ಮುಂದೆ ಹೇಳಿ ನೋಡಿ.

ಹಾಗಾಗಿ ನನ್ನ ಟೇಬಲ್ಲಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಕರಡು ಅಧಿಸೂಚನೆ ಬಂದ ಸುದ್ದಿ ಕೇಳಿದ ವಾರವೇ ಪಂಚಾಯಿತಿಯಿಂದ ನಮೂನೆ 9, 11 ತಾಜಾ ತೆಗೆಸಿಟ್ಟುಕೊಳ್ಳಿ. ತೆರಿಗೆ ಬಾಕಿ ಚುಕ್ತಾ ಮಾಡಿ, ರಸೀದಿ ಇಟ್ಟುಕೊಳ್ಳಿ. ತೀರಿಹೋದ ಅಜ್ಜನ ಹೆಸರಲ್ಲೇ ಖಾತೆ ಇದ್ದರೆ ಪೌತಿ ಈಗಲೇ ಮಾಡಿಸಿ. ಹೊಸ ಮನೆ ಕಟ್ಟುವವರಿಗೆ ಇನ್ನೊಂದು ಮಾತು. ಪಟ್ಟಣದಲ್ಲಿ ಲೈಸೆನ್ಸ್ ಇಲ್ಲದೆ ಪಾಯ ತೆಗೆಯೋ ಹಾಗಿಲ್ಲ, ಸುತ್ತ ಜಾಗ ಬಿಡಬೇಕು. ಹಳ್ಳಿಯಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿ ರೂಢಿಯಾದವರಿಗೆ ಇದು ನುಂಗಲಾರದ ತುತ್ತು.

ಕ್ಯಾಂಪಿನವರ ಲೆಕ್ಕ

ನಮ್ಮ ಭಾಗದಲ್ಲಿ ಒಂದು ಪಂಚಾಯಿತಿ ಅಂದರೆ ದೊಡ್ಡ ಊರು ಒಂದೇ ಅಲ್ಲ. ಸುತ್ತ ಎರಡು ಮೂರು ಕ್ಯಾಂಪು, ಅಂದರೆ ಗದ್ದೆಗಳ ನಡುವಿನ ಸಣ್ಣ ವಸತಿಗಳು ಇರುತ್ತವೆ, ಮಸ್ಕಿ, ಲಿಂಗಸುಗೂರು ಕಡೆ ಹೋದರೆ ತಾಂಡಾ. ಊರನ್ನು ಪಟ್ಟಣ ಮಾಡುವಾಗ 10 ಸಾವಿರ ತುಂಬಿಸಬೇಕಲ್ಲ, ಕ್ಯಾಂಪಿನ ತಲೆಗಳನ್ನೂ ಸೇರಿಸಿಕೊಳ್ಳುತ್ತಾರೆ. ಕ್ಯಾಂಪು ಊರಿನಿಂದ ಮೂರು ಕಿಲೋಮೀಟರ್ ದೂರ, ನಡುವೆ ಬರೀ ಗದ್ದೆ. ಆದರೂ ಅಧಿಸೂಚನೆಯ ಮಾರನೇ ದಿನ ಅದೂ ಪಟ್ಟಣವೇ.

ಅಲ್ಲಿನವರು ಕೂಲಿ ಮಾಡುವವರು. ನಾಟಿ, ಕಳೆ, ಕೊಯ್ಲು ಮುಗಿದ ಮೇಲೆ ಕೆಲಸ ಇಲ್ಲ. ಆ ತಿಂಗಳುಗಳನ್ನು ದಾಟಿಸಿದ್ದು ಉದ್ಯೋಗ ಖಾತ್ರಿ. 2005ರ ನರೇಗಾ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಕೊಟ್ಟಿತು. ಈಚೆಗೆ ಕೇಂದ್ರ ಸರ್ಕಾರ ಆ ಕಾಯ್ದೆಯನ್ನು ತೆಗೆದು ಹೊಸದು ತಂದಿದೆ, ದಿನ 125 ಅಂದಿದೆ. ಹೊಸದೂ ಹಳ್ಳಿಗೆ ಮಾತ್ರ. ಪಟ್ಟಣವಾದ ಊರಿನ ಜಾಬ್ ಕಾರ್ಡಿಗೆ ಬೆಲೆ ಇಲ್ಲ. ಮಾವನ ಊರಿನ ಕ್ಯಾಂಪಿನ ಒಬ್ಬ ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಜಾಬ್ ಕಾರ್ಡ್ ಹಿಡಿದು ಹೊಸ ಆಫೀಸಿಗೆ ಬಂದಿದ್ದಳು. ಅಲ್ಲಿನ ಗುಮಾಸ್ತ ಒಳ್ಳೆಯವನೇ, "ಇದು ಪಟ್ಟಣ ಆಗೈತವ್ವಾ, ಇಲ್ಲಿ ಆ ಕೆಲಸ ಇಲ್ಲ" ಅಂದ. "ನಮ್ಮ ಕ್ಯಾಂಪಿಗೆ ದೀಪಾನೂ ಇಲ್ಲಲ್ಲೋ ಯಪ್ಪಾ, ಪಟ್ಟಣ ಹೆಂಗಾತು?" ಅಂದಳು ಆಕೆ. ಗುಮಾಸ್ತ ಸುಮ್ಮನಾದ.

ಮನೆ ಯೋಜನೆಯೂ ಹಾಗೇ. ಬಸವ ವಸತಿ ಹಳ್ಳಿಯದ್ದು, ವಾಜಪೇಯಿ ನಗರ ವಸತಿ ಪಟ್ಟಣದ್ದು. ಹಳ್ಳಿಯ ಪಟ್ಟಿಯಲ್ಲಿ ಹೆಸರು ಇದ್ದು ಇನ್ನೂ ಮಂಜೂರಾಗದಿದ್ದರೆ ಪಟ್ಟಣದ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15 ಇದೆ, ರಾಜ್ಯ ಸರ್ಕಾರದ ನೌಕರಿಯಲ್ಲಿ ಗ್ರಾಮೀಣ ಅಭ್ಯರ್ಥಿಗೆ ಶೇ 25. ಸಿಇಟಿಗೆ 1ರಿಂದ 10ನೇ ಕ್ಲಾಸಿನ ತನಕ, ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿರಬೇಕು. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಈ ಲೆಕ್ಕದಲ್ಲಿ ಹಳ್ಳಿ ಶಾಲೆ ಅಲ್ಲ. ಶಾಲೆಯ ಗೋಡೆ ಅದೇ, ಮೇಷ್ಟ್ರು ಅವರೇ, ಆದರೆ ಊರು ಪಟ್ಟಣವಾದ ಮೇಲೆ ಒಂದನೇ ಕ್ಲಾಸಿಗೆ ಸೇರಿದ ಮಗು ಮುಂದೆ ಬೆಂಗಳೂರಿನ ಮಗುವಿನ ಸಾಲಿನಲ್ಲಿ ನಿಂತು ಸೀಟು ಕೇಳಬೇಕು. ಅಧಿಸೂಚನೆಗೆ ಮೊದಲು ಹತ್ತನೇ ಕ್ಲಾಸು ಮುಗಿಸಿದವರಿಗೆ ಚಿಂತೆ ಇಲ್ಲ. ಎಂಟು, ಒಂಬತ್ತರಲ್ಲಿ ಓದುತ್ತಿರುವವರ ತಂದೆ ತಾಯಿ ಬಿಇಒ ಕಚೇರಿಯಲ್ಲಿ ಈಗಲೇ ವಿಚಾರಿಸಬೇಕು. ಸಹಿ ಹಾಕುವ ಹಾಳೆಯ ಮೇಲೆ ಇದನ್ನು ಯಾರೂ ಬರೆದಿರೋದಿಲ್ಲ.

ಹೊಲ ಮಾರುವವರಿಗೂ ಒಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ಆದಾಯ ತೆರಿಗೆ ಇಲ್ಲ. 10 ಸಾವಿರಕ್ಕಿಂತ ಹೆಚ್ಚು ಜನರಿರುವ ಪಟ್ಟಣದ ವ್ಯಾಪ್ತಿಯ ಒಳಗೆ ಬಂದ ಹೊಲಕ್ಕೆ ಆ ವಿನಾಯಿತಿ ಹೋಗುತ್ತೆ. ಅಷ್ಟೇ ಅಲ್ಲ, ಜನಸಂಖ್ಯೆ ಒಂದು ಲಕ್ಷದ ಒಳಗಿದ್ದರೆ ಪಟ್ಟಣದ ಗಡಿಯಿಂದ 2 ಕಿಲೋಮೀಟರ್ ತನಕದ ಹೊಲಕ್ಕೂ ಇದೇ ನಿಯಮ. ಪಕ್ಕದ ಹಳ್ಳಿಯವರು ನಮ್ಮೂರಿನ ಸಹಿ ಸಂಗ್ರಹ ನೋಡಿ ನಗುತ್ತಿದ್ದಾರೆ, ಇದು ಗೊತ್ತಾದರೆ ಅವರೂ ಓಡಿ ಬರುತ್ತಾರೆ.

ಗ್ರಾಮಸಭೆ ಇಲ್ಲದ ಊರು

ಹಳ್ಳಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆ ಇಲ್ಲ, ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಲೆಕ್ಕ ಕೇಳಬಹುದು. ಗ್ರಾಮಸಭೆ ಎಷ್ಟು ಸರಿಯಾಗಿ ನಡೆಯುತ್ತೆ ಅನ್ನೋದು ನಮಗೆ ಗೊತ್ತು, ಆದರೂ ಗಲಾಟೆ ಮಾಡೋಕೆ ಒಂದು ಜಾಗ ಇತ್ತು. ಪಟ್ಟಣದಲ್ಲಿ ಅದು ಇಲ್ಲ. ಸಾಮಾನ್ಯ ಸಭೆ ಇರುತ್ತೆ, ಅಲ್ಲಿ ಮಾತಾಡುವವರು ಸದಸ್ಯರು ಮಾತ್ರ. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ, ಅಧ್ಯಕ್ಷರ ಆಯ್ಕೆಯಲ್ಲಿ ಎಂಎಲ್‌ಎ, ಎಂಪಿಗೂ ಓಟು ಇದೆ. ಊರಿನ ರಾಜಕಾರಣದ ಬಣ್ಣವೇ ಬದಲಾಗುತ್ತೆ.

ಇದಕ್ಕಿಂತ ಕಷ್ಟದ್ದು ನಡುವಿನ ಕಾಲ. ಹಳೆಯ ಪಂಚಾಯಿತಿ ಹೋಗಿ ಹೊಸ ಚುನಾವಣೆ ನಡೆಯುವ ತನಕ ಆಡಳಿತಾಧಿಕಾರಿಯ ರಾಜ್ಯ. ಹೆಚ್ಚಾಗಿ ಕಂದಾಯ ಇಲಾಖೆಯ ಅಧಿಕಾರಿಯೇ ಈ ಕುರ್ಚಿಯನ್ನೂ ನೋಡಿಕೊಳ್ಳೋದು. ಅವರಿಗೆ ಇಡೀ ತಾಲೂಕಿನ ಕೆಲಸ ಇರುತ್ತೆ. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಅದರ ಮೇಲೆ ಕೋರ್ಟ್ ಕೇಸು ಅಂತ ಚುನಾವಣೆ ಮುಂದೆ ಮುಂದೆ ಹೋಗುತ್ತೆ. ಚುನಾಯಿತ ಮಂಡಳಿ ಇಲ್ಲದಿದ್ದರೆ ಕೇಂದ್ರದ ಅನುದಾನಕ್ಕೂ ತಡೆ ಬೀಳುತ್ತೆ. ನಳದಲ್ಲಿ ನೀರು ಬರದಿದ್ದರೆ ಬೈಯೋಕೆ ನಮ್ಮ ಓಣಿಯ ಸದಸ್ಯನೇ ಇಲ್ಲ. ಮಾವನ ಊರಿನಲ್ಲಿ ಜನ ಆಗ ಹಳೆಯ ನೀರುಗಂಟಿಯ ಮನೆಗೇ ಹೋಗಿ ಕೂರುತ್ತಿದ್ದರು. ಅವನ ಸಂಬಳ ಯಾರು ಕೊಡಬೇಕು ಅನ್ನೋದೇ ಆಗ ತೀರ್ಮಾನ ಆಗಿರಲಿಲ್ಲ. ಆದರೂ ಕಾಲುವೆಗೆ ನೀರು ಬಿಟ್ಟ ಸುದ್ದಿ ಕೇಳಿದರೆ ಸೈಕಲ್ ತೆಗೆದುಕೊಂಡು ಕೆರೆಯ ಹತ್ತಿರ ಓಡುತ್ತಿದ್ದ.

ಹಾಗಾದರೆ ನೀನು ಸಹಿ ಹಾಕಿದ್ಯಾ ಅಂತ ಕೇಳಬಹುದು. ಹಾಕಿದೆ. ಇಷ್ಟು ದೊಡ್ಡ ಊರನ್ನು ಒಂದು ಕಸದ ಗಾಡಿಯಲ್ಲಿ ಎಷ್ಟು ವರ್ಷ ನಡೆಸೋದು? ಆದರೆ ಹುಡುಗರು ಮನವಿಯ ಝೆರಾಕ್ಸ್ ಮಾಡಿಸೋಕೆ ಸೆಂಟರಿಗೆ ಬಂದಾಗ ಒಂದು ಕೆಲಸ ಮಾಡಿದೆವು. ಕರಡು ಅಧಿಸೂಚನೆ ಹೊರಟರೆ ಅದರಲ್ಲಿ ಪಟ್ಟಣದ ಗಡಿ ಸರ್ವೆ ನಂಬರ್ ಸಮೇತ ಇರುತ್ತೆ, ಆಕ್ಷೇಪಣೆಗೆ 30 ದಿನ ಸಮಯ ಕೊಡುತ್ತಾರೆ. ಆ ದಿನ ಬರೋ ತನಕ ಕಾಯೋದು ಬೇಡ ಅಂತ ಈಗಲೇ ಊರಿನ ನಕ್ಷೆ ಹರಡಿಕೊಂಡು ಕೂತೆವು. ಎರಡೂ ಕ್ಯಾಂಪುಗಳ ಸರ್ವೆ ನಂಬರ್ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದೆವು. ಅವನ್ನು ಬಿಟ್ಟರೆ ಜನಸಂಖ್ಯೆ 10 ಸಾವಿರ ದಾಟುತ್ತಾ ಅಂತ ಒಬ್ಬ ಹುಡುಗ ಮೊಬೈಲಿನಲ್ಲಿ ಕೂಡಿಸಿ ನೋಡಿದ. ಸ್ವಲ್ಪ ಕಡಿಮೆ ಬಿತ್ತು. ಇನ್ನೊಮ್ಮೆ ಕೂಡಿಸಿದ. ಆಮೇಲೆ ಸಹಿಯ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, "ಅಣ್ಣಾ, ಮೊದಲು ಕ್ಯಾಂಪಿಗೆ ಹೋಗಿ ಅವರನ್ನ ಕೇಳಿ ಬರ್ತೀವಿ" ಅಂತ ಬೈಕ್ ಸ್ಟಾರ್ಟ್ ಮಾಡಿದ.